ಒಂದೂಕಾಲು ಕಿಲೋ ಬ್ಯಾಟು

ಆ ಮನೆಯಲ್ಲಿ ಕ್ರಿಕೆಟ್ ಅಂದರೆ ಒಬ್ಬನದೇ ಸೊತ್ತು. ಬಣ್ಣದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಗಿರಾಕಿಗಳಿಗೆ ಬಣ್ಣ ಬೆರೆಸಿಕೊಡುತ್ತಿದ್ದ ಮನೆಯ ಯಜಮಾನನನ್ನು ಬೀದಿಯವರೆಲ್ಲ 'ಓಪನರ್' ಅಂತಲೇ ಕರೆಯುತ್ತಿದ್ದರು. ಭಾನುವಾರದ ತಂಡದಲ್ಲಿ ಒಂದು ಕಾಲಕ್ಕೆ ಎಲ್ಲರಿಗಿಂತ ಮೊದಲು ಬ್ಯಾಟು ಹಿಡಿದು ಇಳಿಯುತ್ತಿದ್ದವನು ಅವನೇ, ಸುಳ್ಳಲ್ಲ. ಈಗ ಎಂಟನೆಯವನಾಗಿ ಇಳಿಯುತ್ತಾನೆ, ಅದೂ ಆರು ಜನ ಔಟಾದರೆ ಮಾತ್ರ. ಆದರೂ ಅಂಟಿಕೊಂಡ ಹೆಸರು ಬಿಡುತ್ತದೆಯೇ? ಬಿಡಿಸಿಕೊಳ್ಳುವ ಆತುರ ಅವನಿಗೂ ಇರಲಿಲ್ಲ ಅನ್ನಿ. ಟೀವಿಯಲ್ಲಿ ಪಂದ್ಯ ಬಂತೆಂದರೆ ಸೋಫಾದ ನಡುವಿನ ಜಾಗ ಅವನದು. ಯಾರು ಎಲ್ಲಿ ತಪ್ಪಿದರು ಅಂತ ಹೇಳುವುದೂ ಅವನೇ. ಹೆಂಡತಿ, ಮಗಳು, ತಾಯಿ ಮೂವರೂ ಹೂಂಗುಟ್ಟುತ್ತಿದ್ದರು.

ಇಂಥ ಮನೆಯಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿ, ಅನ್ನದ ಪಾತ್ರೆ ಮುಂದಕ್ಕೆ ತಳ್ಳುತ್ತ, ಪೇಪರಿನವನು ಬಂದಿದ್ದ ಅನ್ನುವಷ್ಟು ಸಲೀಸಾಗಿ ಹೇಳಿದಳು:

"ನನ್ನನ್ನ ಆಸ್ಪತ್ರೆ ಟೀಮಿಗೆ ತಗೊಂಡಿದ್ದಾರೆ."

"ಯಾವ ಟೀಮು?" ಅಂದ ಓಪನರ್.

"ಕ್ರಿಕೆಟ್ಟು. ಹೆಂಗಸರದ್ದು. ಅಂಚೆ ಕಚೇರಿ, ಬಿಸ್ಕತ್ ಕಾರ್ಖಾನೆ, ಬಸ್ ಡಿಪೋ, ನಾವು."

ಅವನು ಆಗ ತಾನೇ ನೀರು ಕುಡಿಯುತ್ತಿದ್ದ. ನಗು ಬಂದು ನೀರು ಮೂಗಿಗೆ ಏರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ಮಗಳು ಬೆನ್ನು ತಟ್ಟಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

"ನೀನಾ? ಲಾಂಡ್ರಿಯಿಂದಾನಾ? ನಿನಗೆ ಬ್ಯಾಟು ಹಿಡಿಯೋಕೆ ಬರುತ್ತಾ?"

"ಮದುವೆಗೆ ಮುಂಚೆ ಅಣ್ಣಂದಿರ ಜೊತೆ ದಿನಾ ಆಡ್ತಿದ್ದೆ."

"ಹದಿನಾರು ವರ್ಷ ಆಯ್ತು ಮದುವೆಯಾಗಿ, ಒಂದು ದಿನಾನೂ ಬಾಯಿ ಬಿಟ್ಟಿಲ್ವಲ್ಲೇ!"

"ನೀವು ಯಾವತ್ತು ಕೇಳಿದ್ರಿ?"

ಓಪನರನ ತಾಯಿ ತಟ್ಟೆಯಿಂದ ತಲೆ ಎತ್ತದೆ ಕಿಸಕ್ಕನೆ ನಕ್ಕಳು. ಸಿನಿಮಾ ಟಾಕೀಸಿನ ಬಾಗಿಲಲ್ಲಿ ನಿಂತು ಮೂವತ್ತು ವರ್ಷ ಟಿಕೆಟ್ ಹರಿದಿದ್ದ ಹೆಂಗಸು ಅವಳು. ಯಾರ ಕಿಸೆಯಲ್ಲಿ ಟಿಕೆಟ್ ಇಲ್ಲ ಅನ್ನುವುದು ಮುಖ ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು. ಮಗನ ಮುಖವನ್ನೂ ಒಮ್ಮೆ ನೋಡಿದಳು.

ನಡೆದದ್ದು ಇಷ್ಟು. ಆಸ್ಪತ್ರೆಯ ಹಿಂದೆ, ಲಾಂಡ್ರಿಯವರು ಬೆಡ್‌ಶೀಟು ಒಣಹಾಕುವ ಬಯಲಿನ ಪಕ್ಕದಲ್ಲೇ ನರ್ಸುಗಳು ಆಟದ ಅಭ್ಯಾಸ ಶುರುಮಾಡಿದ್ದರು. ಒಂದು ದಿನ ಚೆಂಡು ಬಂದು ಒದ್ದೆ ಬಟ್ಟೆಯ ಬುಟ್ಟಿಗೆ ಬಿತ್ತು. ಇವಳು ಎಸೆದುಕೊಟ್ಟಳು. ಎಸೆದ ಚೆಂಡು ನೇರ ಹೋಗಿ ವಿಕೆಟ್ಟಿಗೆ ಬಡಿಯಿತು. ಹೆಡ್ ನರ್ಸ್ ಸೊಂಟಕ್ಕೆ ಕೈ ಕೊಟ್ಟು ನಿಂತು, "ಏ ಅಕ್ಕಾ, ಬಾ ಇಲ್ಲಿ" ಅಂದಳು. ಅಷ್ಟೇ.

"ಹದಿನಾಲ್ಕು ವರ್ಷ ಅಲ್ಲಿ ಕೆಲಸ ಮಾಡ್ತಿದೀನಿ ಅತ್ತೆ," ಅಂತ ಪಾತ್ರೆ ತೊಳೆಯುವಾಗ ಅವಳು ಅತ್ತೆಗೆ ಹೇಳುವುದು ಓಪನರನಿಗೆ ಕೇಳಿಸಿತು. "ಗಂಟು ತಂದು ಎಸೆದು ಹೋಗ್ತಿದ್ರೇ ಹೊರತು ಒಬ್ಬರೂ ಮುಖ ನೋಡ್ತಿರ್ಲಿಲ್ಲ. ಈಗ ಗೇಟಿನ ಹತ್ರಾನೇ ಕೂಗಿ ಕರೀತಾರೆ. ಜೊತೇಲಿ ಚಹಾ ಕುಡೀತಾರೆ. ನನಗೆ ಈ ಜಾಗ ಬಿಟ್ಟುಕೊಡೋಕೆ ಮನಸ್ಸಿಲ್ಲ ಅತ್ತೆ."

"ಯಾಕಮ್ಮ ಬಿಡ್ತೀಯ? ಆಡು."

"ಆಡಿದ್ರೆ ಇರ್ತೀನಿ. ಮೊದಲು ಮೂರು ಪಂದ್ಯ, ಆಮೇಲೆ ಫೈನಲ್. ಮೂರರಲ್ಲಿ ಚೆನ್ನಾಗಿ ಆಡದವರನ್ನ ತೆಗೆದು ಬೇರೆಯವರನ್ನ ಹಾಕ್ತೀನಿ ಅಂದಿದ್ದಾರೆ ಹೆಡ್ ನರ್ಸು. ವಾರ್ಡಿನ ಗುಮಾಸ್ತೆ ಒಬ್ಬಳು ಕಾಯ್ತಾ ಕೂತಿದ್ದಾಳೆ."

ಎರಡು ದಿನ ಬಿಟ್ಟು ಓಪನರ್ ಅಂಗಡಿಯಿಂದ ಬೇಗ ಹೊರಟು ಅಭ್ಯಾಸ ನೋಡಲು ಹೋದ. ಬುದ್ಧಿ ಹೇಳಿಕೊಡೋಣ ಅಂತ ಹೋದದ್ದು. ಕಟ್ಟೆಯ ಮೇಲೆ ಕೂತು, ನಿಲ್ಲುವುದು ಹೇಗೆ, ಕಾಲು ಎಲ್ಲಿಡಬೇಕು ಅಂತೆಲ್ಲ ಮನಸ್ಸಿನಲ್ಲೇ ಪಾಠ ಸಿದ್ಧಮಾಡಿಕೊಂಡಿದ್ದ. ಹೆಂಡತಿ ಬ್ಯಾಟು ಹಿಡಿದು ನಿಂತಳು. ನಿಂತ ರೀತಿ ಸರಿಯಿರಲಿಲ್ಲ, ಕಾಲೂ ಸರಿಯಿರಲಿಲ್ಲ. ಚೆಂಡು ಬಂತು. ಅವಳು ಕಾದಳು. ಇನ್ನೂ ಕಾದಳು. ಇನ್ನೇನು ಕೀಪರ್ ಕೈಗೆ ಹೋಗಬೇಕು, ಆಗ ಮುಂಗೈಯನ್ನು ಫಟ್ಟನೆ ಒಂದು ಸಲ ಕೊಡವಿದಳು. ಚೆಂಡು ಬಿಸಿಲಲ್ಲಿ ಒಣಗುತ್ತಿದ್ದ ಬೆಡ್‌ಶೀಟುಗಳ ಕೆಳಗೆ ನುಗ್ಗಿ ಗೋಡೆಗೆ ಬಡಿಯಿತು.

ಆ ಕೊಡವುವಿಕೆ ಎಲ್ಲಿಂದ ಬಂತು ಅಂತ ಅವನಿಗೆ ತಕ್ಷಣ ಹೊಳೆಯಿತು. ದಿನಕ್ಕೆ ಇನ್ನೂರು ಬೆಡ್‌ಶೀಟು. ಒಂದೊಂದನ್ನೂ ಮೂಲೆ ಹಿಡಿದು, ಸುಕ್ಕು ಬಿಡುವ ಹಾಗೆ ಫಟ್ ಅನ್ನಿಸಿ, ಹಗ್ಗಕ್ಕೆ ಹಾಕುವ ಕೈ ಅದು. ಭುಜದಲ್ಲಿ ಬಲವಿಲ್ಲ, ಇರುವುದೆಲ್ಲ ಮುಂಗೈಯಲ್ಲಿ.

"ಹೋ ಅಕ್ಕಾ!" ಅಂತ ನರ್ಸುಗಳು ಕೂಗಿದರು.

ಆ ಹೊಡೆತ ಓಪನರನಿಗೆ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ಬರಲಿ ಅಂತ ಎಷ್ಟು ಬೆವರು ಸುರಿಸಿದ್ದ ದೇವರಿಗೇ ಗೊತ್ತು. ಇವಳಿಗೆ ಬಟ್ಟೆ ಒಗೆದೇ ಬಂದುಬಿಟ್ಟಿದೆ! ಬುದ್ಧಿ ಹೇಳುವ ಉತ್ಸಾಹ ಎಲ್ಲಿ ಹೋಯಿತೋ, ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಮನೆಗೆ ಬಂದ.

"ಹೇಗಿತ್ತೋ ಅವಳ ಆಟ?" ಅಂದಳು ತಾಯಿ.

"ಪರವಾಗಿಲ್ಲ. ಕಾಲು ಹೋಗಲ್ಲ."

ಆ ವಾರವೆಲ್ಲ ಅವನ ಗ್ರಹಚಾರ ಸರಿಯಿರಲಿಲ್ಲ. ಅಂಗಡಿಗೆ ಬಂದ ಆಸ್ಪತ್ರೆಯ ಕಾಂಪೌಂಡರ್, "ನೀವು ಲಾಂಡ್ರಿ ಅಕ್ಕನ ಯಜಮಾನರಲ್ವಾ?" ಅಂತ ಕೇಳಿದ. ಹದಿನೆಂಟು ವರ್ಷ ಅದೇ ಗಲ್ಲಾದ ಹಿಂದೆ ನಿಂತವನನ್ನು! ಭಾನುವಾರದ ಪಂದ್ಯದಲ್ಲಿ ಹನ್ನೊಂದು ಜನರ ಪಟ್ಟಿಯಲ್ಲೇ ಅವನ ಹೆಸರಿರಲಿಲ್ಲ. "ಹೊಸ ಹುಡುಗ್ರು ಬಂದಿದ್ದಾರೆ ಓಪನರಣ್ಣ, ನೀವು ಸ್ಕೋರ್ ಬರೀರಿ" ಅಂದರು. ಬರೆದ. ಮನೆಗೆ ಬಂದರೆ ಹೆಂಡತಿ ಮಗಳ ಜೊತೆ ಹಜಾರದಲ್ಲಿ ಸುರುಳಿ ಸುತ್ತಿದ ಕಾಲುಚೀಲವನ್ನು ಚೆಂಡು ಮಾಡಿಕೊಂಡು ಆಡುತ್ತಿದ್ದಳು. ತಾಯಿ ಅಂಪೈರು.

"ಮನೆಯೇನು ಮೈದಾನವಾ?" ಅಂತ ಅವನು ರೇಗಿದ.

"ನೀನು ಇದೇ ಹಜಾರದಲ್ಲಿ ದೀಪದ ಬಲ್ಬು ಒಡೆದಿದ್ದೆ, ಎಷ್ಟು ಸಲ ಅಂತ ಹೇಳ್ಲಾ?" ಅಂದಳು ತಾಯಿ.

ಅದೇ ಸಂಜೆ ಹೆಂಡತಿ ಅವನ ಪಕ್ಕ ಬಂದು ಕೂತಳು.

"ರೀ, ನನಗೊಂದು ಬ್ಯಾಟು ಬೇಕು. ಟೀಮಿನ ಬ್ಯಾಟು ಮೂರೇ ಇರೋದು, ನನ್ನ ಸರದಿಗೆ ಒಂದೂ ಸಿಗಲ್ಲ. ಓವರ್‌ಟೈಮಿಂದು ಮೂರು ಸಾವಿರ ಇಟ್ಟಿದೀನಿ. ನೀವೇ ಬಂದು ಆರಿಸಿಕೊಡಿ. ಈ ವಿಷಯ ನಿಮ್ಮಷ್ಟು ಯಾರಿಗೆ ಗೊತ್ತು?"

ನಿಜವಾಗಿ ನಂಬಿಕೊಂಡೇ ಕೇಳಿದಳು ಪುಣ್ಯಾತ್ಗಿತ್ತಿ. ಓಪನರನ ಎದೆ ಒಂದಿಷ್ಟು ಉಬ್ಬಿತು. "ನಾಳೆ ಹೋಗೋಣ" ಅಂದ.

ಆಟದ ಸಾಮಾನಿನ ಅಂಗಡಿ ಒಂದು ಉದ್ದನೆಯ ಕೋಣೆ. ಎರಡೂ ಗೋಡೆಗೆ ಬ್ಯಾಟುಗಳು ಒರಗಿದ್ದವು. ಎಣ್ಣೆಯ ವಾಸನೆ. ಅಂಗಡಿಯ ಮುದುಕ ಕನ್ನಡಕವನ್ನು ಹಣೆಗೇರಿಸಿ ಕೇಳಿದ:

"ಯಾರಿಗೆ? ಆಟ ಎಂಥದ್ದು? ಎಷ್ಟರಲ್ಲಿ?"

"ನನಗೆ," ಅಂದಳು ಹೆಂಡತಿ. "ಮೂರರೊಳಗೆ. ಆಟ ಅಂದ್ರೆ... ಹೀಗೆ." ಬರಿಗೈಯಲ್ಲೇ ಮುಂಗೈ ಕೊಡವಿ ತೋರಿಸಿದಳು.

ಮುದುಕನಿಗೆ ಅಷ್ಟು ಸಾಕಾಯಿತು. ಹೋಗಿ ಮೂಲೆಯಿಂದ ಒಂದನ್ನು ತಂದ. ನೋಡಲು ಏನೂ ಚೆಂದವಿರಲಿಲ್ಲ. ಮರದ ಗೆರೆ ಸೊಟ್ಟ, ಒಂದು ಪಕ್ಕ ಕಂದು ಕಲೆ, ಮೇಲುಗಡೆ ಸಣ್ಣ ಗಂಟು.

"ಕಲೆ ನೋಡಬೇಡಮ್ಮ. ಅದು ಅಂದ ಕೆಡಿಸುತ್ತೆ ಅಷ್ಟೇ, ಆಟ ಕೆಡಿಸಲ್ಲ. ಅದಕ್ಕೇ ಎರಡು ಸಾವಿರದ ಎಂಟುನೂರಕ್ಕೆ ಕೊಡ್ತಿದೀನಿ. ಮೇಲಿನ ಕೈ ಒಂದರಲ್ಲೇ ಹಿಡಿದು ಎದೆ ಮಟ್ಟಕ್ಕೆ ಎತ್ತು. ಇಪ್ಪತ್ತು ಎಣಿಸೋತನಕ ಅಲ್ಲಾಡಬಾರದು. ಕೈ ನಡುಗಿದ್ರೆ ಅದು ನಿನ್ನ ಬ್ಯಾಟಲ್ಲ."

ಅವಳು ಎತ್ತಿದಳು. ಇಪ್ಪತ್ತಾಯಿತು, ಮೂವತ್ತಾಯಿತು. ಬ್ಯಾಟು ಅಲ್ಲಾಡಲಿಲ್ಲ. ಗಾಳಿಯಲ್ಲಿ ಒಮ್ಮೆ ಬೀಸಿದಳು, ಸುಯ್ ಅಂದಿತು. ಅವಳ ಮುಖ ಅರಳಿತು.

ಓಪನರ್ ಅಷ್ಟರಲ್ಲಿ ಇನ್ನೊಂದು ಗೋಡೆಯ ಹತ್ತಿರ ನಿಂತಿದ್ದ. ಅಲ್ಲಿತ್ತು ನೋಡಿ ಅದು. ಹಾಲಿನ ಬಣ್ಣದ ಮರ, ಮೇಲಿಂದ ಕೆಳಗಿನವರೆಗೆ ಹತ್ತು ನೇರ ಗೆರೆ, ಹೆಬ್ಬೆರಳಿಗಿಂತ ದಪ್ಪನೆಯ ಅಂಚು. ಒಂದೂಕಾಲು ಕಿಲೋ. ಕೈಗೆ ತೆಗೆದುಕೊಂಡು ಎಡಗಾಲು ಮುಂದಿಟ್ಟು ಒಂದು ಡ್ರೈವ್ ಆಡಿದ. ಗಾಜಿನ ಬೀರುವಿನಲ್ಲಿ ತನ್ನ ನೆರಳು ನೋಡಿಕೊಂಡ. ಆಹಾ! ಇಂಥದ್ದೊಂದು ಬ್ಯಾಟು ತನಗೆ ಇಪ್ಪತ್ತರ ವಯಸ್ಸಿನಲ್ಲಿ ಸಿಕ್ಕಿದ್ದರೆ!

"ಇದು ತಗೋ," ಅಂದ ಹೆಂಡತಿಗೆ.

"ಅದು ನಾಲ್ಕೂವರೆ," ಅಂದ ಮುದುಕ. "ಎತ್ತರದ, ಭುಜದಿಂದ ಹೊಡೆಯೋ ಆಟಗಾರರಿಗೆ ಆಗೋದು. ಇವರ ಆಟಕ್ಕಲ್ಲ ಸ್ವಾಮಿ."

"ನಾನೂ ಆಡ್ದೋನೇ ಕಣ್ರೀ."

ಹೆಂಡತಿ ಅದನ್ನೂ ಒಂದೇ ಕೈಯಲ್ಲಿ ಎತ್ತಿ ಹಿಡಿದಳು. ಎಂಟು ಎಣಿಸುವಷ್ಟರಲ್ಲಿ ಬ್ಯಾಟಿನ ತುದಿ ನಡುಗಿತು. ಹನ್ನೊಂದಕ್ಕೆ ಕೆಳಗೆ ಇಳಿಯಿತು. ಮುದುಕ ಓಪನರನ ಮುಖ ನೋಡಿದ. ಓಪನರ್ ಬ್ಯಾಟಿನ ಗೆರೆ ಎಣಿಸುತ್ತ ನಿಂತ.

"ಅಭ್ಯಾಸ ಆದ್ರೆ ಎಲ್ಲಾ ಸರಿಹೋಗುತ್ತೆ. ಆ ಕಲೆ ಹಿಡಿದ ಮರದಲ್ಲಿ ಆಡಿ ನಗೆಪಾಟಲಾಗ್ತೀಯಾ? ಮೇಲಿನ ಒಂದೂವರೆ ಸಾವಿರ ನಾನು ಹಾಕ್ತೀನಿ."

"ನೀವು ಶೂ ತಗೊಳ್ಳೋಕೆ ಕೂಡಿಟ್ಟಿರೋ ದುಡ್ಡಾ? ಬೇಡ ರೀ."

"ಇರ್ಲಿ ಬಿಡು. ಹೆಂಡತಿಗಿಂತ ಶೂ ಹೆಚ್ಚಾ?"

ಅವಳ ಕಣ್ಣಲ್ಲಿ ನೀರೇ ಬಂತು. ಮಾತು ಮುಗಿಯಿತು.

ಅವನಿಗೆ ಗೊತ್ತಿತ್ತೇ? ಗೊತ್ತಿತ್ತು. ತಾನು ಮಾಡುತ್ತಿರುವುದು ಇಂಥದ್ದು ಅಂತ ತನಗೇ ಹೇಳಿಕೊಳ್ಳಲಿಲ್ಲ, ಅಷ್ಟೇ.

ಮನೆಗೆ ತಂದ ಮೇಲೆ ಆ ಬ್ಯಾಟಿಗೆ ಅವನು ಮಾಡಿದ ಉಪಚಾರ ಮಗಳು ಹುಟ್ಟಿದಾಗಲೂ ಮಾಡಿರಲಿಲ್ಲ. ಬೆಳಿಗ್ಗೆ ಎಣ್ಣೆ, ಸಂಜೆ ಮರದ ಸುತ್ತಿಗೆಯಿಂದ ಟೊಕ್ ಟೊಕ್ ಅಂತ ಬಡಿದು ಹದ ಮಾಡುವುದು. ಹಿಡಿಕೆಗೆ ಇನ್ನೊಂದು ರಬ್ಬರ್ ಏರಿಸಿದ, ದಪ್ಪಗಿದ್ದರೆ ಹಿಡಿತ ಸಿಗುತ್ತದೆ ಅಂತ.

"ತಲೆ ಚಿಟ್ಟು ಹಿಡೀತು ಕಣೋ," ಅಂದಳು ತಾಯಿ. "ಬ್ಯಾಟು ಅವಳದ್ದಾ, ನಿಂದಾ?"

"ಅವಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತಮ್ಮ?"

ಮೊದಲ ಪಂದ್ಯ ಅಂಚೆ ಕಚೇರಿಯವರ ಮೇಲೆ. ಮನೆಮಂದಿಯೆಲ್ಲ ಹೋಗಿ ಕಟ್ಟೆಯ ಮೇಲೆ ಕೂತರು. ಚೆಂಡು ಬಂತು, ಹೆಂಡತಿ ಎಂದಿನಂತೆ ಕಾದಳು, ಕೊನೇ ಗಳಿಗೆಯಲ್ಲಿ ಮುಂಗೈ ಕೊಡವಿದಳು. ಆದರೆ ಕೈ ಹೋದಷ್ಟು ಬೇಗ ಬ್ಯಾಟು ಹೋಗಲಿಲ್ಲ. ಚೆಂಡು ಅಂಚಿಗೆ ತಗುಲಿ ಮೇಲಕ್ಕೆ ಹಾರಿತು, ಅಂಚೆಯಕ್ಕ ಒಬ್ಬಳು ಆರಾಮಾಗಿ ಹಿಡಿದಳು. ಎರಡು ರನ್ನು. ತಂಡ ಗೆದ್ದಿತು, ಬೇರೆಯವರು ಆಡಿದ್ದರಿಂದ.

ಆ ಸಂಜೆ ಓಪನರನೇ ಅಡುಗೆಮನೆಗೆ ಹೋದ. ಮೊಟ್ಟೆ ಒಡೆದ, ಈರುಳ್ಳಿ ಹೆಚ್ಚಿದ, ಆಲೂಗಡ್ಡೆ ಹುರಿದ. ಶಿಳ್ಳೆ ಬೇರೆ.

"ನೀನು ಕೂತ್ಕೋ, ಸುಸ್ತಾಗಿದ್ದೀಯ. ಆಟ ಅಂದ್ಮೇಲೆ ಇದ್ದದ್ದೇ. ಎಲ್ಲರಿಗೂ ಎಲ್ಲಾ ಬರುತ್ತಾ?"

"ನಾನು ಲೇಟಾಗಿ ಆಡ್ದೆ ಅನ್ಸುತ್ತೆ," ಅಂದಳು ಅವಳು.

"ಹೌದು, ಲೇಟು. ನಾಳೆಯಿಂದ ಬೇಗ ಆಡು."

ಬೇಗ ಆಡುವುದು ಅವಳ ಆಟವೇ ಅಲ್ಲ. ಗಂಡ ಹೇಳಿದ್ದಾನೆ ಅಂತ ಹಾಗೇ ಆಡಿ, ಬಿಸ್ಕತ್ ಕಾರ್ಖಾನೆಯವರ ಮೇಲೆ ಎರಡನೇ ಚೆಂಡಿಗೇ ವಿಕೆಟ್ ಹಾರಿಸಿಕೊಂಡಳು. ಸೊನ್ನೆ. ತಂಡವೂ ಸೋತಿತು. ವಾಪಸು ಬರುವಾಗ ಬಲಗೈ ಮುಂಗೈ ಊದಿಕೊಂಡಿತ್ತು. ದಿನಾ ಆ ಭಾರ ಬೀಸಿ ಬೀಸಿ ಆದದ್ದು. ಮಾರನೇ ದಿನ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಎತ್ತಲಾಗದೆ ಮಡಿಸುವ ಮೇಜಿಗೆ ಹಾಕಿದರಂತೆ.

"ವಯಸ್ಸಾಯ್ತು ಅತ್ತೆ ನನಗೆ," ಅಂದಳು. ಮಗಳು ಅವಳ ಕೈಗೆ ಬಿಸಿನೀರಿನ ಬಟ್ಟೆ ಸುತ್ತುತ್ತಿದ್ದಳು. "ಹೆಡ್ ನರ್ಸ್ ಏನೂ ಅನ್ನಲಿಲ್ಲ. ಅದೇ ಕಷ್ಟ ಆಗ್ತಿರೋದು. ಇನ್ನೊಂದೇ ಪಂದ್ಯ ಇರೋದು ನನಗೆ."

"ಮನಸ್ಸಿಗೆ ಹಚ್ಚಿಕೋಬೇಡ," ಅಂತ ಓಪನರ್ ಒಲೆಯ ಮುಂದಿನಿಂದ ಕೂಗಿದ. ಅವತ್ತು ತರಕಾರಿ, ಬೇಳೆ, ಮೇಲಿಂದ ಹಣ್ಣು ಹೆಚ್ಚಿ ಸಕ್ಕರೆ ಉದುರಿಸಿದ್ದ. "ಆಡಿದ್ದಾಯ್ತು, ಹೆಸರು ಬಂತು. ಆ ಗುಮಾಸ್ತೆಗೆ ಬಿಟ್ಟುಕೊಟ್ಟರೆ ಏನು ಗಂಟು ಹೋಗುತ್ತೆ?"

ಹೆಂಡತಿ ಹಣ್ಣು ಮುಟ್ಟಲಿಲ್ಲ.

ಮಗಳು ತಟ್ಟೆ ತೆಗೆದುಕೊಂಡು ಹೋಗುವ ನೆಪದಲ್ಲಿ ಒಲೆಯ ಹತ್ತಿರ ಬಂದಳು. ಹದಿನಾಲ್ಕರ ಹುಡುಗಿ, ನಾಲಿಗೆ ಅಜ್ಜಿಯದು.

"ಅಪ್ಪ, ಅಮ್ಮ ಔಟಾದಾಗ ನೀನು ನಕ್ಕೆ."

"ಏ, ಯಾರೇ ನಕ್ಕಿದ್ದು? ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು ಬೆನ್ನ ಹಿಂದೆ ಇತ್ತಪ್ಪ."

ಓಪನರ್ ಸೌಟು ಎತ್ತಿ ಹೆದರಿಸಿದ ಹಾಗೆ ಮಾಡಿದ. ಅವಳು ಹೆದರಲಿಲ್ಲ.

ಆ ಭಾನುವಾರ ಅವನ ತಂಡಕ್ಕೆ ಇಬ್ಬರು ಬರಲಿಲ್ಲ. "ಓಪನರಣ್ಣ, ಇವತ್ತು ನೀವೇ ಓಪನಿಂಗು" ಅಂತ ಫೋನು ಬಂತು. ಹೆಂಡತಿಯ ಕೈಗೆ ಇನ್ನೂ ಪಟ್ಟಿ ಇತ್ತು. "ಬ್ಯಾಟು ಸುಮ್ನೆ ಮೂಲೇಲಿ ನಿಲ್ಲಬಾರದು ಕಣೆ, ಮರ ಸತ್ತುಹೋಗುತ್ತೆ. ನಾನು ಒಂದು ಕೈ ನೋಡ್ತೀನಿ" ಅಂದ. ಅವಳು ಸರಿ ಅಂದಳು.

ಅವತ್ತು ಅವನು ಏನು ಆಡಿದ ಅಂತೀರಿ! ಎಡಗಾಲು ಮುಂದೆ ಹೋಗುತ್ತಿತ್ತು, ಭುಜದ ಭಾರವೆಲ್ಲ ಬ್ಯಾಟಿಗೆ ಇಳಿಯುತ್ತಿತ್ತು, ಚೆಂಡು ಬಂದೂಕಿನಿಂದ ಹಾರಿದ ಹಾಗೆ ಹೋಗುತ್ತಿತ್ತು. ನಲವತ್ತೊಂದು ರನ್ನು. ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಹೆಗಲ ಮೇಲೆ ಬ್ಯಾಟು ಇಟ್ಟುಕೊಂಡು, ದಾರಿಯಲ್ಲಿ ನಾಲ್ವರಿಗೂ ಐಸ್‌ಕ್ರೀಮ್ ಕೊಂಡು, ಮನೆಗೆ ಓಡುತ್ತಲೇ ಬಂದ. ಊಟಕ್ಕೆ ಕೂತಿದ್ದವರನ್ನು ಊಟ ಮಾಡಲು ಬಿಡದೆ ಒಂದೊಂದು ಹೊಡೆತವನ್ನೂ ಹಜಾರದಲ್ಲಿ ಆಡಿ ತೋರಿಸಿದ.

"ಇಲ್ಲಿ ಬಿತ್ತು ಚೆಂಡು. ನಾನು ಹೀಗೆ ಹೋದೆ. ಢಂ! ಎಂಥಾ ಬ್ಯಾಟು ಅಮ್ಮ ಇದು! ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ!"

ತಾಯಿ ಚಮಚ ಕೆಳಗಿಟ್ಟಳು.

"ಹೌದು," ಅಂದಳು ಹೆಂಡತಿ. ದನಿ ಏರಲಿಲ್ಲ. "ನಿಮ್ಮ ಕೈಗೇ ತಗೊಂಡಿದ್ದಲ್ವಾ?"

"ಅಂದ್ರೆ? ಏನು ಮಾತು ಅಂತ ಆಡ್ತಿದ್ದೀಯ? ನನ್ನ ಶೂ ದುಡ್ಡು ಹಾಕಿದೀನಿ ಅದಕ್ಕೆ!"

"ಅದಕ್ಕೇ ಕಣೋ ಯಾರಿಗೂ ಅನುಮಾನ ಬರ್ಲಿಲ್ಲ," ಅಂದಳು ತಾಯಿ.

"ಅಮ್ಮ, ನೀನು ಸುಮ್ನಿರು! ಇದು ಗಂಡ ಹೆಂಡತಿ ಮಾತು."

"ಹಾಗಾದ್ರೆ ನನಗೇ ಹೇಳಿ," ಅಂದಳು ಹೆಂಡತಿ. "ಅಂಗಡೀಲಿ ನನ್ನ ಕೈ ನಡುಗಿದ್ದು ನೀವು ನೋಡಿದ್ರಾ, ಇಲ್ವಾ?"

ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಪಟ್ಟಿ ಕಟ್ಟಿದ ಕೈಯನ್ನು ಅವಳು ಮೇಜಿನ ಮೇಲೆ ಇಟ್ಟುಕೊಂಡಿದ್ದಳು, ಎದುರಿಗೆ ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

"ನೋಡ್ದೆ," ಅಂದ.

"ಆ ಮುದುಕರು ಹೇಳಿದ್ದು ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

"ಮತ್ತೆ ಬೇಗ ಆಡು ಅಂದ್ರಲ್ಲ? ನಾನು ಕಾಯೋದೇ ನನ್ನ ಆಟ ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಓಪನರನಿಗೆ ಮೈ ಉರಿದುಹೋಯಿತು. ಸಿಕ್ಕಿಬಿದ್ದವನ ಸಿಟ್ಟು ಅದು.

"ಹೌದು ಗೊತ್ತಿತ್ತು! ಹೊಟ್ಟೆಕಿಚ್ಚು ಪಟ್ಟೆ, ಏನೀಗ? ಇಪ್ಪತ್ತೈದು ವರ್ಷ ನಾನು ಆಡ್ತಿದೀನಿ. ನನ್ನನ್ನ ಸ್ಕೋರ್ ಬರೆಯೋಕೆ ಕೂರಿಸ್ತಾರೆ. ನೀನು ಬಟ್ಟೆ ಒಗೆಯೋಳು, ಎರಡು ವಾರ ಆಡಿ ಊರಿಗೆಲ್ಲ ಅಕ್ಕ ಆಗಿಬಿಟ್ಟೆ! ಅಂಗಡೀಲಿ ನಿಂತ್ರೆ ಲಾಂಡ್ರಿ ಅಕ್ಕನ ಗಂಡ ಅಂತಾರೆ. ಈ ಮನೇಲಿ ನನಗೆ ಅಂತ ಇದ್ದದ್ದು ಇದೊಂದೇ!"

ಮಗಳ ಐಸ್‌ಕ್ರೀಮ್ ಕರಗಿ ಮೇಜಿನ ಮೇಲೆ ಹರಿಯುತ್ತಿತ್ತು. ತಾಯಿ ಎದ್ದು ಒರೆಸುವ ಬಟ್ಟೆ ತಂದಳು.

"ನನಗೆ ಅಂತ ಇದ್ದದ್ದೂ ಅದೊಂದೇ ರೀ," ಅಂದಳು ಹೆಂಡತಿ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಮಾತು ಅಳೆದು ಸುರಿದ ಹಾಗೆ. ಚಹಾ ಮೇಜಿನ ಮೇಲೆ ಬರುತ್ತಿತ್ತು, ಅಂಗಿ ಇಸ್ತ್ರಿಯಾಗಿರುತ್ತಿತ್ತು, "ರೀ" ಅನ್ನುವುದು ಮಾತ್ರ ಕೇಳುತ್ತಿರಲಿಲ್ಲ. ಬ್ಯಾಟು ಬಾಗಿಲ ಹಿಂದೆ ನಿಂತಿತ್ತು. ಮುದುಕನ ಅಂಗಡಿಗೆ ಒಯ್ದು ಬದಲಾಯಿಸಿಕೊಡಿ ಅಂತ ಕೇಳಿಯೂ ಬಂದ ಓಪನರ್. ಚೆಂಡಿನ ಗುರುತು ಬಿದ್ದ ಬ್ಯಾಟು ಯಾರು ತಗೋತಾರೆ? "ಆ ಕಲೆ ಬ್ಯಾಟು ಅವತ್ತೇ ಹೋಯ್ತು. ಅಂದೇ ಹೇಳಿದ್ದೆ ಸ್ವಾಮಿ," ಅಂದ ಮುದುಕ. ಅಲ್ಲಿಗೆ ಹೋಗಿದ್ದೆ ಅಂತ ಅವನು ಮನೆಯಲ್ಲಿ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಬಸ್ ಡಿಪೋದ ಡ್ರೈವರ್ ಒಬ್ಬ ಬಾಗಿಲಿಗೆ ಹೊಡೆಯಲು ನೀಲಿ ಬಣ್ಣ ಕೇಳಿಕೊಂಡು ಅಂಗಡಿಗೆ ಬಂದ.

"ಏನ್ ಸ್ವಾಮಿ ನಿಮ್ಮ ಮನೆಯವರು! ನಿನ್ನೆ ನಮ್ಮ ಡಿಪೋದ ಹೆಂಗಸರಿಗೆ ನೀರಿಳಿಸಿಬಿಟ್ರಲ್ಲ!"

ಮೂರನೇ ಪಂದ್ಯ ಮುಗಿದೇ ಹೋಗಿತ್ತು. ಮನೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ.

"ಯಾವ ಬ್ಯಾಟಲ್ಲಿ ಆಡಿದ್ಲು?" ಅಂದ ಓಪನರ್. ಮೊದಲು ಬಾಯಿಗೆ ಬಂದದ್ದು ಅದೇ.

"ಯಾವುದೋ ಹಳೇದು. ಹೆಡ್ ನರ್ಸ್ ಕಾಲೇಜಿನಲ್ಲಿ ಆಡಿದ್ದಂತೆ, ಹಿಡಿಕೆಗೆ ಆಸ್ಪತ್ರೆ ಬ್ಯಾಂಡೇಜು ಸುತ್ತಿತ್ತು. ಎಡಗೈಯಲ್ಲಿ ಎತ್ತಿದ್ರೂ ಹಗುರ. ಮೂವತ್ತೆಂಟು ಹೊಡೆದ್ರು ಸ್ವಾಮಿ, ಔಟೇ ಆಗ್ಲಿಲ್ಲ!"

ಮೂವತ್ತೆಂಟು. ನಲವತ್ತೊಂದಕ್ಕೆ ಮೂರು ಕಮ್ಮಿ. ಅವನ ತಲೆ ಮೊದಲು ಮಾಡಿದ ಲೆಕ್ಕ ಇದು, ಮುಚ್ಚಿಟ್ಟು ಏನು ಪ್ರಯೋಜನ? ಲೆಕ್ಕ ಮಾಡಿದ್ದಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ನೀಲಿಗೆ ಬೀಳಬೇಕಾದ ಬಿಳಿಯ ಬದಲು ಹಳದಿ ಸುರಿದ. ಡಬ್ಬ ಹಸಿರಾಯಿತು. ಡಬ್ಬದ ಬೆಲೆ ಅವನ ಸಂಬಳಕ್ಕೇ ಬಂತು.

ಮನೆಗೆ ಬಂದಾಗ ಒಳಗಿನಿಂದ ನಗು ಕೇಳಿಸುತ್ತಿತ್ತು. ಮಗಳು ಯಾರೋ ಬೌಲರ್ ಓಡಿ ಬರುವುದನ್ನು ಅಣಕಿಸುತ್ತಿದ್ದಳು, ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ಹೊಸಿಲು ದಾಟಿದ. ನಗು ನಿಂತಿತು. ಮಗಳು ಪುಸ್ತಕ ತೆರೆದಳು.

"ಮೂವತ್ತೆಂಟಂತೆ," ಅಂದ.

"ಹೂಂ."

"ಒಳ್ಳೇದಾಯ್ತು. ಚೆನ್ನಾಗಿ ಆಡಿದ್ಯಂತೆ. ಜಾಗ ಉಳೀತಲ್ಲ?"

"ಉಳೀತು." ಅವಳು ಚಹಾ ಬಗ್ಗಿಸಿ ಮುಂದಿಟ್ಟಳು. ಕೂತಳು. "ಭಾನುವಾರ ಫೈನಲ್. ಮತ್ತೆ ಅಂಚೆಯವರ ಮೇಲೇ. ನಿಮ್ಮಲ್ಲಿ ಒಂದು ಮಾತು ಕೇಳ್ಬೇಕು. ನೀವು ಬರಬೇಡಿ."

"ನಾನು ಬಾಯಿ ಬಿಡಲ್ಲ ಕಣೆ. ಸುಮ್ನೆ ಹಿಂದೆ ಕೂತಿರ್ತೀನಿ."

"ಬೇಡ ರೀ."

"ಇನ್ನೂ ಸಿಟ್ಟಾ? ತಪ್ಪಾಯ್ತು ಅಂತ ಹೇಳ್ತಿದೀನಲ್ಲ."

"ಸಿಟ್ಟಲ್ಲ. ನೀವು ಕಟ್ಟೆ ಮೇಲೆ ಕೂತಿದ್ರೆ ನನಗೆ ಔಟಾಗಿಬಿಡೋಣ ಅನ್ಸುತ್ತೆ. ಔಟಾದ ದಿನ ನೀವು ಎಷ್ಟು ಪ್ರೀತಿಯಿಂದ ಇರ್ತೀರ! ಅಡುಗೆ ಮಾಡ್ತೀರ, ಶಿಳ್ಳೆ ಹಾಕ್ತೀರ. ಔಟಾದ್ರೆ ಮನೇಲಿ ಎಲ್ಲ ಸರಿಹೋಗುತ್ತೆ ಅಂತ ಅನ್ಸಿಬಿಡುತ್ತೆ ರೀ ನನಗೆ."

ಓಪನರನ ಮುಂದಿದ್ದ ಚಹಾ ಆರಿಹೋಯಿತು.

ಭಾನುವಾರ ಬೆಳಿಗ್ಗೆ ಹೆಂಡತಿ, ಮಗಳು ಹೊರಟರು. ತಾಯಿ ಮೊಣಕಾಲು ನೋವು ಅಂತ ಹೋಗಲಿಲ್ಲ. ನೋವು ನಿಜವೋ ಸುಳ್ಳೋ ಅವನು ಕೇಳಲಿಲ್ಲ. ತನ್ನ ತಂಡದ ಪಂದ್ಯಕ್ಕೂ ಅವನು ಹೋಗಲಿಲ್ಲ. ಮೈದಾನ ಎರಡೇ ಬೀದಿ ಹಿಂದೆ. ಮಹಡಿಯ ಮೇಲೆ ನಿಂತರೆ ಮರಗಳು ಅಡ್ಡ ಬರುತ್ತಿದ್ದವು, ಆಟ ಕಾಣಿಸುತ್ತಿರಲಿಲ್ಲ. ಸದ್ದು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

ತಾಯಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದಳು. ಅವನು ಕಟಕಟೆ ಹಿಡಿದು ನಿಂತಿದ್ದ. ಹನ್ನೊಂದೂವರೆ ಹೊತ್ತಿಗೆ, "ಅಕ್ಕಾ! ಅಕ್ಕಾ!" ಅಂತ ಕೂಗು ಎದ್ದಿತು.

"ಇಳಿದ್ಲು," ಅಂದ ಓಪನರ್.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ ಮೈದಾನಕ್ಕೆ ಮೈದಾನವೇ ಹೋ ಅಂತ ಎದ್ದು ಕೂಗಿತು. ಮರದ ಮೇಲಿನ ಹಕ್ಕಿಗಳು ಹಾರಿದವು.

"ಏನೋ ಅದು?" ಅಂದಳು ತಾಯಿ.

"ಗೊತ್ತಾಗಲ್ಲಮ್ಮ. ಫೋರಾದ್ರೆ ನಮ್ಮವರು ಕೂಗ್ತಾರೆ, ಔಟಾದ್ರೆ ಅಂಚೆಯವರು ಕೂಗ್ತಾರೆ. ಇಲ್ಲಿಗೆ ಎರಡೂ ಒಂದೇ ಥರ ಕೇಳ್ಸುತ್ತೆ."

"ನಿನಗೆ ಯಾವುದು ಬೇಕು?"

"ಇದೆಂಥಾ ಪ್ರಶ್ನೆ ಅಮ್ಮ?"

"ಸುಲಭದ್ದೇ. ಹೇಳು."

ಅವನು ಮರಗಳ ಕಡೆ ನೋಡುತ್ತ ನಿಂತ. ತಾಯಿ ಒಂದು ಸಿಪ್ಪೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಮೂರನೆಯದಕ್ಕೆ ಕೈ ಹಾಕಿದಳು.

"ಫೋರು," ಅಂದ ಕೊನೆಗೆ. "ನಿಜವಾಗ್ಲೂ ಅಮ್ಮ. ಫೋರೇ ಆಗಿರ್ಲಿ."

ತಾಯಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಸುಳ್ಳು ಹೇಳುತ್ತಿರಲಿಲ್ಲ ಅವನು.

"ನಿಜಾನೇ ಕಣೋ," ಅಂದಳು. "ಆದ್ರೆ ಅದನ್ನ ಹೇಳೋಕೆ ಎಷ್ಟು ಹೊತ್ತು ತಗೊಂಡೆ ನೋಡು. ನೀನು ಹೋಗಿದ್ರೆ ಅಷ್ಟು ಹೊತ್ತೂ ಅವಳು ಅಲ್ಲಿ ನಿಂತು ನಿನ್ನ ಮುಖ ನೋಡ್ಬೇಕಾಗ್ತಿತ್ತು."